ಶೇಕಡಾ ತೊಂಬತ್ತಾರು

"ಅಷ್ಟೊತ್ತು ಓದೋಕೆ ಅದರಲ್ಲೇನಿದೆ, ಸಹಿ ಹಾಕು," ಎಂದಳು ದೊಡ್ಡ ಸೊಸೆ, ಕೈಗವಸು ಬಿಚ್ಚುತ್ತಾ. "ಸಂಜೆ ಕೊರಿಯರ್‌ನವನು ಬರ್ತಾನೆ."

ಚಿಕ್ಕ ಸೊಸೆ ಪೆನ್ನಿನ ಮುಚ್ಚಳ ತೆಗೆದಳು, ಮತ್ತೆ ಹಾಕಿದಳು. ಹಾಳೆಯಲ್ಲಿ ದೊಡ್ಡವಳ ಬೆಸುಗೆಯ ಇಳುವರಿ ಶೇಕಡಾ ತೊಂಬತ್ತಾರು ಎಂದಿತ್ತು. ಅವಳ ಕೈಯಲ್ಲಿ ಇದೇ ಬೆಸುಗೆ ನಲವತ್ತು ದಾಟಿದ್ದಿಲ್ಲ.

ಅಣ್ಣತಮ್ಮಂದಿರನ್ನು ಮದುವೆಯಾದ ಇವರಿಬ್ಬರಿಗೆ ಪ್ರಯೋಗಾಲಯದಲ್ಲೂ ಇವೇ ಹೆಸರು. ದೊಡ್ಡವಳು ಅಮೈನೋ ಆಮ್ಲಗಳನ್ನು ಒಂದೊಂದಾಗಿ ಪೋಣಿಸಿ ಪೆಪ್ಟೈಡ್ ಕಟ್ಟುತ್ತಾಳೆ. ಚಿಕ್ಕವಳು ಡಿಎನ್‌ಎಯ ಗಿಡ್ಡ ಎಳೆ ಕಟ್ಟುತ್ತಾಳೆ. ಎರಡನ್ನೂ ಬೆಸೆದರೆ ಔಷಧ. ಪೆಪ್ಟೈಡು ಎಳೆಯನ್ನು ಜೀವಕೋಶದೊಳಗೆ ದಾಟಿಸುತ್ತದೆ, ಮುಂದಿನದು ಎಳೆಯ ಕೆಲಸ. ತೊಂದರೆಯೆಂದರೆ, ಒಂದರ ಮೈತುಂಬ ಧನ ವಿದ್ಯುತ್ತು, ಇನ್ನೊಂದರ ಮೈತುಂಬ ಋಣ. ಬೆಸುಗೆ ಬೀಳದಿದ್ದರೂ ಸುಮ್ಮನೆ ಅಂಟಿಕೊಂಡು, ಪರೀಕ್ಷಿಸುವ ಯಂತ್ರದ ಮುಂದೆ ಒಂದೇ ಎಂಬಂತೆ ನಟಿಸಬಲ್ಲವು. ಬೆಸೆಯುವ ಹೊತ್ತಿಗೆ ದೊಡ್ಡವಳು ಯಾರನ್ನೂ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ.

"ಯೂರಿಯಾ ಹಾಕಿ, ಬಿಸಿ ಮಾಡಿ ನೋಡಿದ್ರಾ ಅಕ್ಕಾ?"

"ಬರೀ ಅಂಟಿದ್ರೆ ಬಿಟ್ಕೊಳ್ಳುತ್ತೆ ಅಂತಾನಾ? ನನಗೇ ಪಾಠ ಹೇಳು." ದೊಡ್ಡವಳು ನಕ್ಕಳು. "ಊಟ ಮಾಡ್ಕೊಂಡು ಬರ್ತೀನಿ. ಅಷ್ಟರಲ್ಲಿ ಹಾಕಿಡು."

ನೋಡಿದೆ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಈ ಬ್ಯಾಚು ಪಾಸಾದರೆ ದೊಡ್ಡವಳು ವಿಭಾಗದ ಮುಖ್ಯಸ್ಥೆ. ಸುಳ್ಳೆಂದು ಮುಂದೆ ಗೊತ್ತಾದರೆ, ಸಾಕ್ಷಿಗೆ ಸಹಿ ಹಾಕಿದವಳ ಇನ್ನೂ ಕಾಯಂ ಆಗದ ಕೆಲಸ ಹೋಗುತ್ತದೆ. ಹಾಕದಿದ್ದರೋ, ಸಂಜೆ ಇಬ್ಬರೂ ಹೋಗುವುದು ಒಂದೇ ಅಡುಗೆಮನೆಗೆ.

ಚಿಕ್ಕವಳು ಬಾಗಿಲತ್ತ ನೋಡಿ, ಬೆಸೆದ ಔಷಧವಿದ್ದ ನಳಿಕೆಯಿಂದ ಒಂದು ಹನಿ ಎಳೆದುಕೊಂಡಳು. ಯೂರಿಯಾ ಬೆರೆಸಿ, ಬಿಸಿ ಮಾಡಿ ಯಂತ್ರಕ್ಕೆ ಬಿಟ್ಟಳು. ಇಪ್ಪತ್ತು ನಿಮಿಷಕ್ಕೆ ಪರದೆಯ ಮೇಲೆ ಗೆರೆ ಎದ್ದಿತು. ಒಂದೇ ಶಿಖರ, ನೆಟ್ಟಗೆ, ನಾಚಿಕೆಯಿಲ್ಲದಷ್ಟು ಚೂಪು. ಬರೀ ಅಂಟಿದ್ದರೆ ಎರಡಾಗಬೇಕಿತ್ತು. ಬೆಸುಗೆ ನಿಜ.

ನಿರಾಳವಾಗಬೇಕಿತ್ತು. ಆದದ್ದು ಚೂರು ನಿರಾಸೆ. ಅವಳಿಗೆ ತನ್ನ ಮೇಲೇ ಗುಮಾನಿ ಬಂತು. ಸಹಿ ಹಾಕಿದಳು.

ಊಟ ಮುಗಿಸಿ ಬಂದ ದೊಡ್ಡವಳು ಸಹಿಯನ್ನು ನೋಡಲಿಲ್ಲ. ನಳಿಕೆಯನ್ನು ತಕ್ಕಡಿಯ ಮೇಲಿಟ್ಟಳು.

"ಕಡಿಮೆಯಾಗಿದೆಯಲ್ಲ."

"ಆರಿರಬೇಕು."

"ಮುಚ್ಚಳ ಹಾಕಿತ್ತು."

ದೊಡ್ಡವಳು ಡ್ರಾಯರ್ ಎಳೆದು ಒಂದು ಫೈಲು ತೆಗೆದು ಮುಂದಿಟ್ಟಳು. ಎಂಟು ತಿಂಗಳಿಂದ ಚಿಕ್ಕವಳು ಕಟ್ಟಿಕೊಟ್ಟ ಪ್ರತಿಯೊಂದು ಎಳೆಯ ಮರುಪರೀಕ್ಷೆ, ತಾರೀಖಿನ ಸಮೇತ.

"ನಿನ್ನ ಎಳೇಲಿ ಅಮೋನಿಯಾ ಉಳೀತಿತ್ತು. ಬೆಸೆಯೋ ಕೊಂಡೀನ ಅದೇ ತಿಂದ್ಹಾಕ್ತಿತ್ತು. ಪ್ರತಿ ಸಲ ನಾನು ಇನ್ನೊಮ್ಮೆ ತೊಳೆದು ಆಮೇಲೆ ಬೆಸೀತಿದ್ದೆ."

ಹಾಗಾದರೆ ತನ್ನ ನಲವತ್ತನ್ನು ಎಂಟು ತಿಂಗಳು ಪಕ್ಕದಲ್ಲೇ ನಿಂತು ನೋಡಿದ್ದಾಳೆ.

"ಹೇಳಬಹುದಿತ್ತಲ್ಲ ಅಕ್ಕಾ."

"ನೀನೂ ಕೇಳಿಯೇ ಒಂದು ಹನಿ ತಗೋಬಹುದಿತ್ತು."

ದೊಡ್ಡವಳು ಯಂತ್ರದ ಪ್ರಿಂಟರಿನಲ್ಲಿ ತಾನಾಗಿಯೇ ಬಂದು ಬಿದ್ದಿದ್ದ ಹಾಳೆ ಎತ್ತಿಕೊಂಡಳು. ಶಿಖರವನ್ನು ಬೆಳಕಿಗೆ ಹಿಡಿದು ನೋಡಿ, ಅಂಚು ಸರಿಯಾಗಿ ಜೋಡಿಸಿ ಎರಡು ತೂತು ಹೊಡೆದು, ಫೈಲಿನ ಕೊನೆಗೆ ಸೇರಿಸಿದಳು. ಕಾಗದದ ಎರಡು ಪುಟ್ಟ ಬಿಲ್ಲೆಗಳು ಮೇಜಿನ ಮೇಲೆ ಬಿದ್ದವು. ಚಿಕ್ಕವಳು ಬೆರಳ ತುದಿ ಒದ್ದೆ ಮಾಡಿ, ಒಂದೊಂದಾಗಿ ಎತ್ತಿಕೊಂಡಳು.