ಲಾಡ್ಲೇಸಾಬನ ಹೆಸರಿನ ಮುಂದೆ

"ನನ್ನ ಹೆಸರಿನ ಮುಂದ 'ಗೈರ್' ಅಂತ ಬರದಾಂವ ಯಾರಲೇ? ಎದ್ದು ನಿಂತು ಹೇಳ್ರಿ!"

ಲಾಡ್ಲೇಸಾಬ ಹಾಗೆ ಚೀರಿದಾಗ ಉಳಿದ ಹದಿನಾರು ಮಂದಿ ಆಳಂದದ ಒಂದು ಅಡತಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಜೋಳದ ಚೀಲಗಳ ಮೇಲೆ ಕೂತಿದ್ದೆವು. ಅವನು ಸೊಲ್ಲಾಪುರದಿಂದ ನೆಟ್ಟಗೆ ಅಲ್ಲಿಗೇ ಬಂದಿದ್ದ. ಮೊಣಕಾಲ ತನಕ ಧೂಳು. ಕೈಯಲ್ಲಿ ನಮ್ಮ ಸಂಘದ ಪತ್ರ.

"ಮೊದಲು ಕುಂಡ್ರಪಾ," ಅಂದ ಜಗದೇವಪ್ಪ.

"ಕುಂಡ್ರೂದಿಲ್ಲ. ಪೆಂಡಾಲಿನ ಹೊರಗ ಮೂರು ದಿನ ಕುಂತು ಬಂದೇನಿ."

ಅದು ೧೯೪೭ರ ಡಿಸೆಂಬರ್. ಆಳಂದ, ಅಫಜಲಪುರ, ಜೇವರ್ಗಿ, ಮೂರೂ ತಾಲೂಕಿನ ವಿದ್ಯಾರ್ಥಿಗಳದು ಒಂದೇ ಸಂಘ. ಅದು ದೇಶದ ದೊಡ್ಡ ವಿದ್ಯಾರ್ಥಿ ಸಂಘಕ್ಕೆ ಸೇರಿತ್ತು. ನಿಜಾಮನ ಆಳಿಕೆ ಸಾಕು ಅನ್ನುವುದರಲ್ಲಿ ಎಲ್ಲರೂ ಒಂದು. ಉಳಿದದ್ದರಲ್ಲಿ ಎರಡು. ಜಗದೇವಪ್ಪನೂ ಸೇರಿ ಏಳು ಮಂದಿ ಕಾಂಗ್ರೆಸ್ಸಿನ ಟೋಪಿಯವರು. ಜೇವರ್ಗಿಯ ಹಣಮಂತ್ರಾಯನೂ ಸೇರಿ ಏಳು ಮಂದಿ ಕೆಂಪು ಬಾವುಟದವರು. ಯಾರ ಕಡೆಗೂ ಸೇರದವರು ಮೂವರು: ಅಫಜಲಪುರದ ದಶರಥ, ಲಾಡ್ಲೇಸಾಬ, ನಾನು. ನಮಗೆ ಕನ್ನಡದಲ್ಲಿ ಪಾಠ ಬೇಕಾಗಿತ್ತು, ಪಕ್ಷ ಬೇಕಾಗಿರಲಿಲ್ಲ. ಎರಡೂ ಕಡೆಯವರು ನಮ್ಮನ್ನು ನಡುಮನಿ ಕಂಬಗಳು ಅಂತ ಚೇಷ್ಟೆ ಮಾಡುತ್ತಿದ್ದರು.

ಆ ದೊಡ್ಡ ಸಂಘ ಗಡಿಯಾಚೆ ಸೊಲ್ಲಾಪುರದಲ್ಲಿ ಕರೆದ ಮಹಾಸಭೆಗೆ ನಮ್ಮಿಂದ ಒಬ್ಬ ಹೋಗಬೇಕಿತ್ತು. ಏಳಕ್ಕೆ ಏಳು ಸಮ ಆಗಿ ಜಗಳವೇ ಮುಗಿಯಲಿಲ್ಲ. ಕೊನೆಗೆ, ಯಾರ ಕಡೆಯವನೂ ಅಲ್ಲ ಅನ್ನುವ ಕಾರಣಕ್ಕೇ ಎಲ್ಲರೂ ಲಾಡ್ಲೇಸಾಬನನ್ನು ಒಪ್ಪಿದರು. ಸದಸ್ಯರ ಯಾದಿ ಬರೆದು, ಒಬ್ಬೊಬ್ಬರ ಹೆಸರಿನ ಮುಂದೆ ಯಾವ ಕಡೆಯವನು ಅಂತ ನಮೂದಿಸಿ, ಲಕೋಟೆ ಅಂಟಿಸಿ ಅವನ ಕೈಗೆ ಕೊಟ್ಟಿದ್ದೆವು.

"ಬಾಗಿಲಿನಾಗ ಕುಂತಾಂವ ಓದಿ ನಕ್ಕ," ಅಂದ ಲಾಡ್ಲೇಸಾಬ. "'ಗೈರು ಅಂತ ಬರದಾರ, ಬಂದಿಲ್ಲ ಅಂದಂಗಾತು. ಹಂಗಾರ ನೀ ಯಾರಪಾ?' ಅಂದ. ಅವನ ಬಾಜೂಕ ಉರ್ದು ಬಲ್ಲಾಂವ ಒಬ್ಬ. 'ಅಲ್ಲೋ, ಗೈರ್ ಅಂದ್ರ ಹೊರಗಿನಾಂವ. ನಿಜಾಮನ ಕಡಿ ರಜಾಕಾರ ಇದ್ದಾನು, ಒಳಗ ಬಿಡಬ್ಯಾಡ' ಅಂದ."

ಚೀಲಗಳ ಮೇಲೆ ಯಾರೋ ಕಿಸಕ್ಕಂದರು.

"ನಾನೇ ಬರದೇನಿ," ಅಂದೆ. ಕಾರ್ಯದರ್ಶಿ ನಾನು. "ಏನೀಗ? ಉರ್ದುದಾಗ ಯಾರ ಕಡೀನೂ ಅಲ್ಲದಾಂವಗ ಗೈರ್ ಜಾನಿಬ್‌ದಾರ್ ಅಂತಾರ. ಕಾಗದದ ಮ್ಯಾಲೆ ಅಷ್ಟು ಜಾಗಾ ಇರಲಿಲ್ಲ. ಗೈರ್ ಅಂತ ಬರದೆ. ನಿನಗ ಉರ್ದು ಬರೂದಿಲ್ಲೇನು?"

"ಬರ್ತದ. ಭೀಮಶಾ, ನಿನ್ನ ಹೆಸರಿನ ಮುಂದ ಏನು ಬರಕೊಂಡಿ? ಓದು."

"ತಟಸ್ಥ."

"ದಶರಥನ ಮುಂದ?"

"ತಟಸ್ಥ."

"ಮೂರೂ ಮಂದಿ ಒಂದೇ ಕಡೆ ಇದ್ದೇವಿ. ನನಗ್ಯಾಕ ಬ್ಯಾರೆ ಶಬ್ದ?"

"ನಿನ್ನ ಭಾಷಾದಾಗ ಇರಲಿ ಅಂತ."

"ನನ್ನ ಭಾಷಾ?" ಅಂದ. ದನಿ ಇಳಿದಿತ್ತು. "ಕನ್ನಡ ಸಾಲಿ ಬೇಕಂತ ತಹಶೀಲದಾರಗ ಅರ್ಜಿ ಬರದಾಂವ ಯಾರಲೇ?"

ಅವನೇ. ಮಟಕಿ ಊರಿನ ಶಾಲೆಯಲ್ಲಿ ನನ್ನ ಒತ್ತಕ್ಷರ ತಿದ್ದಿದವನೂ ಅವನೇ.

ಜಗದೇವಪ್ಪ ಸಮಾಧಾನ ಮಾಡಲು ನೋಡಿದ. "ಆಗಿದ್ದು ಆತು. ಆದ್ರ ಈ ದಿನಮಾನದಾಗ ನಿನ್ನಂಥಾಂವ ನಡುವ ನಿಂದ್ರೂದು ಚಲೋ ಅಲ್ಲ, ಲಾಡ್ಲೇಸಾಬ. ನಮ್ಮ ಕಡಿ ಬಂದುಬಿಡು, ಯಾರೂ ಕೇಳೂದಿಲ್ಲ."

"ಅವರ ಕಡಿ ಹೋದ್ರ ಟೋಪಿ ಹೊಲಿಸ್ಬೇಕಾಗ್ತದ, ನಮ್ಮ ಕಡಿ ಬಾ," ಅಂದ ಹಣಮಂತ್ರಾಯ.

"ಇವರಿಬ್ಬರಿಗೂ ಯಾಕ ಹೇಳವಲ್ಲಿರಿ?" ಲಾಡ್ಲೇಸಾಬ ದಶರಥನಿಗೂ ನನಗೂ ಬೆರಳು ಮಾಡಿದ. "ಇವರೂ ನಡುವ ಅದಾರಲ್ಲ."

ದಶರಥ ಚೀಲದ ತೂತಿನಿಂದ ಕಾಳು ತೆಗೆದು ತೆಗೆದು ತಿನ್ನುತ್ತಿದ್ದ.

ಲಾಡ್ಲೇಸಾಬ ಪತ್ರವನ್ನು ನನ್ನ ಮುಂದೆ ಹಿಡಿದ. "ಅದರ ಮ್ಯಾಲೆ ಗೀಟು ಹೊಡದು, ನಿನ್ನ ಮುಂದ ಬರಕೊಂಡಿದ್ದನ್ನೇ ನನ್ನ ಮುಂದ ಬರಿ. ಇಲ್ಲೇ ನಿಮ್ಮ ಜೋಡಿ ಕುಂಡರ್ತೇನಿ."

"ಮಹಾಸಭಾ ಮುಗದದ. ಈಗ ಬರದು ಏನು ಮಾಡೂದು?"

"ಮುಗೀಲಿ. ನನ್ನ ಸಲುವಾಗಿ ಬರಿ."

ಲೇಖಣಿ ನನ್ನ ಜೇಬಿನಲ್ಲೇ ಇತ್ತು. ಒಂದು ಗೀಟು, ಮೂರು ಅಕ್ಷರ. ಅಷ್ಟು ಜನರ ಎದುರು ತಪ್ಪಾಯಿತು ಅನ್ನುವುದು ನನ್ನಿಂದ ಆಗಲಿಲ್ಲ.

"ಒಂದು ಶಬ್ದಕ್ಕ ಎಷ್ಟು ಕುಣೀತೀಲೇ," ಅಂದೆ.

ಅವನು ಇನ್ನೂ ಸ್ವಲ್ಪ ಹೊತ್ತು ಕೈ ಚಾಚಿಕೊಂಡೇ ನಿಂತಿದ್ದ. ಆಮೇಲೆ ಪತ್ರ ಮಡಚಿ ಅಂಗಿಯೊಳಗೆ ಇಟ್ಟುಕೊಂಡು, ಚೀಲಗಳ ನಡುವಿನಿಂದ ದಾರಿ ಮಾಡಿಕೊಂಡು ಹೊರಗೆ ಹೋದ. ಚಹಾ ಕುಡಿಯಲು ಹೋದ ಅಂದುಕೊಂಡೆವು. ಮುಂದಿನ ವಿಷಯ ತೆಗೆದುಕೊಂಡೆವು. ಅದು ಏನಿತ್ತು ಅಂತ ಈಗ ನೆನಪಿಲ್ಲ. ಎಲ್ಲರೂ ಕೈ ಎತ್ತಿದರು, ನಾನು ಬರೆದುಕೊಂಡೆ.

ಎಂಟು ದಿನ ಬಿಟ್ಟು ಅವನ ಮನೆಗೆ ಹೋದೆ. ಅವನ ತಾಯಿ ಖಾಸೀಂಬಿ ರೊಟ್ಟಿ ಬಡಿಯುತ್ತಿದ್ದಳು. "ನಿಮ್ಮ ಸಂಘದ ಕೆಲಸದ ಮ್ಯಾಲೆ ಹೋಗ್ತೇನಿ ಅಂತ ಹೇಳಿ ಹೋದ. ನಿಮ್ಮ ಜೋಡಿ ಇಲ್ಲೇನಪಾ?" ಅಂದಳು.

"ಅದಾನವ್ವಾ," ಅಂದೆ. ಅವಳು ಕೊಟ್ಟ ರೊಟ್ಟಿ ತಿಂದು ಎದ್ದು ಬಂದೆ.

ಮರುವರ್ಷ ಸಪ್ಟೆಂಬರಿನಲ್ಲಿ ನಿಜಾಮನ ಆಳಿಕೆ ಮುಗಿಯಿತು. ಆ ಗದ್ದಲದಲ್ಲಿ ಊರು ಬಿಟ್ಟು ಓಡಿ ಹೋದವರಲ್ಲಿ ಕೆಲವರು ತಿರುಗಿ ಬಂದರು. ಅವನು ಬರಲಿಲ್ಲ.