ಹಿಂದೆ ನೋಡುವ ಕುದುರೆ

"ಇದನ್ನ ಮೊದಲು ಹೊಲಿದೋರು ನೀವೇ ಅಂತಲ್ಲ? ಆ ಕೈ ನೋಡ್ಬೇಕು ಅಂತಾನೇ ಬಂದೆ," ಎನ್ನುತ್ತ ಆಕೆ ಮಗನ ಹೊಸ ಸಮವಸ್ತ್ರದ ಅಂಗಿಯನ್ನೂ ಸೈನ್ಯದ ಡಿವಿಷನ್ನಿನ ಬ್ಯಾಡ್ಜನ್ನೂ ಮೇಜಿನ ಮೇಲಿಟ್ಟಳು. ದರ್ಜಿ ಮೆಲ್ಲಗೆ ಕೈಯನ್ನು ಮೇಜಿನ ಕೆಳಗೆ ಎಳೆದುಕೊಂಡ.

ನೀಲಿ ಬಟ್ಟೆಯ ಮೇಲೆ ಬಿಳಿ ಕುದುರೆ. ಎಡತೋಳಿಗೆ ಹೊಲಿದರೆ ಅದರ ಮುಖ ಬೆನ್ನಿನ ಕಡೆಗೆ ಬರುತ್ತದೆ. ಯುದ್ಧದಲ್ಲಿ ಡಿವಿಷನ್ ಹಿಮ್ಮೆಟ್ಟಿದಾಗ ಹೊಳೆಯ ಆಚೆ ದಡದಲ್ಲೇ ಉಳಿದುಹೋದ ಸೈನಿಕರನ್ನು ಅದು ತಿರುಗಿ ನೋಡುತ್ತಿದೆ ಎಂದು ಡಿವಿಷನ್ನಿನ ಚರಿತ್ರೆಯಲ್ಲಿ ಅಚ್ಚಾಗಿದೆ. ವರ್ಷವರ್ಷವೂ ಮೈದಾನದಲ್ಲಿ ಓದುತ್ತಾರೆ. ಅಷ್ಟು ದೊಡ್ಡವರೆಲ್ಲ ಟೋಪಿ ತೆಗೆದು ಕೇಳುವ ಆ ಮಾತು ಹುಟ್ಟಿದ್ದು ಈ ದರ್ಜಿಯ ಬಾಯಲ್ಲಿ. ಮೇಲಿನವರು ಬರೆಸಿಕೊಟ್ಟಿದ್ದು ಮುನ್ನುಗ್ಗುವ ಕುದುರೆ. ಯುದ್ಧ ಮುಗಿದ ವರ್ಷ ಇವನು ಅವಸರದಲ್ಲಿ ನಕ್ಷೆಯ ಕಾಗದವನ್ನು ಮಗುಚಿ ಬಟ್ಟೆಯ ಮೇಲಿಟ್ಟು ಗುರುತು ಹಾಕಿದ. ನಾಲ್ಕು ಸಾವಿರ ಕುದುರೆಗಳು ಹಿಮ್ಮುಖವಾದ ಮೇಲೆ ಅಧಿಕಾರಿ ಹುಬ್ಬು ಗಂಟಿಕ್ಕಿ ಕೇಳಿದಾಗ, ಒಂಚೂರೂ ತಡವರಿಸದೆ ಬುರುಡೆ ಬಿಟ್ಟ. ಅಧಿಕಾರಿಯ ಕಣ್ಣು ತುಂಬಿತು, ಇವನ ಕೆಲಸ ಉಳಿಯಿತು.

"ಆಚೆ ದಡದಲ್ಲಿ ಉಳಿದೋರಲ್ಲಿ ನಮ್ಮ ಯಜಮಾನ್ರೂ ಒಬ್ರು," ಎಂದಳು ಆಕೆ. "ಒಬ್ರೂ ತಿರುಗಿ ನೋಡ್ಲಿಲ್ವಲ್ಲ ಅಂತ ಎಷ್ಟು ಶಾಪ ಹಾಕಿದ್ದೆ! ಮಗ ಸೈನ್ಯಕ್ಕೆ ಹೋಗ್ತೀನಿ ಅಂದಾಗ ಊಟ ಬಿಟ್ಟು ಹಟ ಮಾಡ್ದೆ. ಕೊನೆಗೆ ಈ ಕುದುರೆ ಕಥೆ ಕೇಳಿ ಹೂಂ ಅಂದೆ. ಈ ಡಿವಿಷನ್ನೋರು ಅವನನ್ನ ಬಿಟ್ಟು ಬರಲ್ಲ, ಅಲ್ವೇನಣ್ಣ?"

ಅಣ್ಣ ಎಂದದ್ದೇ ತಡ, ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು ಅವನಿಗೆ. ಇಪ್ಪತ್ತು ವರ್ಷ ತನ್ನ ಜಾಣತನ ನೆನೆದು ಒಳಗೊಳಗೇ ನಕ್ಕಿದ್ದ. ಆ ನಗೆಯೆಲ್ಲ ಈಗ ಮುಖಕ್ಕೆ ಉಗಿದಂತಾಯಿತು. ಸುಮ್ಮನೆ ತಲೆಯಾಡಿಸಿಬಿಡಬಹುದಿತ್ತು, ಆಗಲಿಲ್ಲ.

"ಕಾಗದ ಉಲ್ಟಾ ಇಟ್ಟಿದ್ದೆ ತಾಯಿ," ಎಂದ. "ಕುದುರೆ ಯಾರನ್ನೂ ನೋಡ್ತಿಲ್ಲ. ಕೆಲ್ಸ ಹೋಗುತ್ತೆ ಅಂತ ಹೆದರಿ ಕಥೆ ಕಟ್ದೆ. ತಪ್ಪಾಯ್ತು."

ಆಕೆ ಬ್ಯಾಡ್ಜನ್ನು ಎತ್ತಿ ಅಂಗಿಯ ಎಡತೋಳಿನ ಮೇಲಿಟ್ಟಳು. ಬಾಯಿಗೆ ಬಂದಂತೆ ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

"ಮಗ ಸೋಮವಾರ ಹೊರಡ್ತಾನೆ," ಎಂದಳು. "ಸೈನ್ಯದ ಕಾಗದಕ್ಕೆ ರುಜು ಹಾಕಿ ಆಗಿದೆ. ಅವನ ಕಿವಿಗೆ ಮಾತ್ರ ಇದು ಬೀಳೋದು ಬೇಡ. ಹೊಲೀರಿ."

ದರ್ಜಿ ತಲೆ ಎತ್ತದೆ ಹೊಲಿಯತೊಡಗಿದ. ಆಕೆ ಅಂಗಿಯ ತೋಳಿನ ತುದಿಯನ್ನು, ರಸ್ತೆ ದಾಟುವಾಗ ಮಗುವಿನ ಕೈ ಹಿಡಿಯುವಂತೆ, ಹಿಡಿದುಕೊಂಡು ನಿಂತಿದ್ದಳು. ಅವನು ಗಂಟು ಹಾಕಿ ದಾರ ಕತ್ತರಿಸಿದ ಮೇಲೂ ಆಕೆ ಬಿಡಲಿಲ್ಲ.