ಕೈ ಅಡ್ಡ ಹಿಡಿದರೆ ನಿಲ್ಲುವ ಗಾಡಿ

"ಕೈ ಅಡ್ಡ ಇಟ್ರೆ ನಿಂತ್ಕಂಬುಡೋದು ಸಾ, ಸಾಕಿದ್ ಎಮ್ಮೆ ಅಂಗೆ," ಎಂದಳು ದೊಡ್ಡತಾಯಮ್ಮ.

ಮುರಳೀಕೃಷ್ಣ ಮೊಬೈಲನ್ನು ಅವಳ ಬಾಯಿಯ ಹತ್ತಿರಕ್ಕೆ ಹಿಡಿದ. ಎಮ್ಮೆಯ ಹೋಲಿಕೆ ಅವನ ಪ್ರಬಂಧಕ್ಕೆ ಒದಗುವಂಥದು.

ಚನ್ನರಾಯಪಟ್ಟಣದಿಂದ ಹಾಸನಕ್ಕೆ ಒಂದೇ ಒಂದು ಮಳೆಗಾಲ ಓಡಿದ ರೈಲ್‌ಬಸ್ಸು: ಬಸ್ಸಿನ ಮೈ, ರೈಲಿನ ಗಾಲಿ. ನಿಲ್ದಾಣಗಳಿಗಿಂತ ಹೊಲದ ಬದುಗಳಲ್ಲೇ ಹೆಚ್ಚು ನಿಂತದ್ದು. ಒಂದು ಬೆಳಿಗ್ಗೆ ಬರಲಿಲ್ಲ. ರಿಪೇರಿಗೆ ಹೋಗಿದೆ ಎಂದರು. ಆಮೇಲೆ ಯಾರೂ ಏನೂ ಹೇಳಲಿಲ್ಲ.

"ನೀವೂ ಬತ್ತಿದ್ರಿ, ಕಾಲೇಜ್ಗೆ. ಕಿಟ್ಕಿ ಕಡೆ ಮೊಕ ಮಾಡ್ಕಂಡು. ಯಾರ್ ಕೂಡೂ ಮಾತಾಡ್ತಿರ್ನಿಲ್ಲ, ಮೂಗ್ ಮೇಷ್ಟ್ರು ಅಂತಿದ್ವಿ." ಅವಳು ನಕ್ಕಳು.

ಅವನೂ ನಗಬೇಕಾಗಿತ್ತು. ನಗಲಿಲ್ಲ.

ಶಾಂತಿಗ್ರಾಮದಾಚೆ, ಹಳಿ ತಿರುಗುವಲ್ಲಿ, ಹುಣಸೆಮರದ ನೆರಳು. ಅವಳ ಮಗ್ಗುಲಲ್ಲಿ ಒದ್ದೆ ಗೋಣಿ ಹೊದಿಸಿದ ಕೊತ್ತಂಬರಿ ಸೊಪ್ಪಿನ ಬಿದಿರ ಮಂಕರಿ.

"ನೀರ್ ಸೋರ್ತದೆ ಅಂತ ಬಸ್ನೋರು ಮಂಕ್ರಿ ಅತ್ತಿಸ್ಕಳಾಕಿಲ್ಲ. ಈ ಗಾಡಿ ಡ್ರೈವರು ರಂಗಸಾಮಿ ತಾನೇ ಇಳ್ದು ಎತ್ಕೊಡೋನು. ತಿರುವಲ್ಲಿ ಕಾಣಾಕಿಲ್ಲ ಅಂತ ಹಳಿ ಮ್ಯಾಲೇ ನಿಂತ್ಕಂತಿದ್ದೆ. 'ಒಂದಿನ ನಿನ್ ಬುಟ್ಟು ಒಂಟೋಯ್ತೀನಿ ಕಣಮ್ಮಿ' ಅನ್ನೋನು. ಒಂದಿನ್ವೂ ಬುಟ್ಟೋಗ್ನಿಲ್ಲ." ಪೊರೆ ಕವಿದ ಕಣ್ಣುಗಳನ್ನು ಒರೆಸಿಕೊಂಡಳು. "ಇವತ್ತು ಗಾಡಿ ಬತ್ತದಾ ಸಾ?"

ಧ್ವನಿ ದಾಖಲಾಗಿದೆಯೋ ಇಲ್ಲವೋ ಎಂದು ಅವನು ಪರದೆ ನೋಡುತ್ತಿದ್ದ. ದೂರದಲ್ಲಿ ಗೂಡ್ಸ್ ರೈಲಿನ ಸದ್ದು.

"ಹೂಂ. ಬರ್ತಾ ಇದೆಯಲ್ಲ."

"ರಿಪೇರಿ ಆಯ್ತಾ ಅಂಗಾರೆ?"

"ಹೂಂ."

"ಓದಿರೋರು ಯೋಳಿದ್ ಮ್ಯಾಕೆ ಸರಿ."

ಅವನು ಇಯರ್‌ಫೋನನ್ನು ಕಿವಿಗೆ ಸಿಕ್ಕಿಸಿಕೊಂಡ. ಅವಳ ಧ್ವನಿ ಚೆನ್ನಾಗಿ ಬಂದಿತ್ತು, ನಿಜವಾದ ಧ್ವನಿಗಿಂತಲೂ ಚೆನ್ನಾಗಿ. ಕಣ್ಣು ಮುಚ್ಚಿ ಕೇಳಿದ.

ಕೂತ ನೆಲ ಅದುರಿದಾಗ ಕಣ್ಣು ತೆರೆದ. ಮಗ್ಗುಲು ಖಾಲಿ. ತಿರುವಿನಲ್ಲಿ, ಎರಡು ಹಳಿಗಳ ನಡುವೆ, ತಲೆಯ ಮೇಲೆ ಮಂಕರಿ ಹೊತ್ತು, ಒಂದು ಕೈಯನ್ನು ನೀಳವಾಗಿ ಅಡ್ಡ ಚಾಚಿ, ಅವಳು ನಿಂತಿದ್ದಳು. ನಗುತ್ತಿದ್ದಳು ಕೂಡ.

ಅವನು ಎದ್ದ. ಕೂಗಬೇಕು. ಏನೆಂದು? ಇಷ್ಟು ಹೊತ್ತು ಮಾತಾಡಿಸಿದರೂ ಅವಳನ್ನು ಏನೆಂದೂ ಕರೆದಿರಲಿಲ್ಲ. ಅಮ್ಮ? ಅಜ್ಜಿ? ದೊಡ್ಡತಾಯಮ್ಮನವರೇ? ಬಾಯಿ ತೆರೆದೇ ಇತ್ತು, ಶಬ್ದ ಆರಿಸಿಕೊಳ್ಳುತ್ತಿತ್ತು.

ಎಂಜಿನ್ನು ತಿರುವನ್ನು ಮುಚ್ಚಿತು. ಅದರ ಹಿಂದೆ ಡಬ್ಬಿ, ಡಬ್ಬಿಯ ಹಿಂದೆ ಡಬ್ಬಿ. ಆಚೆಯದೇನೂ ಕಾಣಿಸದು. ಗಾಳಿಯಲ್ಲಿ ಜಜ್ಜಿದ ಕೊತ್ತಂಬರಿಯ ವಾಸನೆ.

"ಒಂದಿನ್ವೂ ಬುಟ್ಟೋಗ್ನಿಲ್ಲ," ಎಂದಿತು ಕಿವಿಯೊಳಗಿನ ಧ್ವನಿ.

ಅವನ ಕೈ ಯಾವಾಗಲೋ ತಾನಾಗಿ ಅಡ್ಡ ಚಾಚಿಕೊಂಡಿತ್ತು. ಡಬ್ಬಿಗಳು ಅದರ ಮುಂದೆ ಹಾಯುತ್ತಲೇ ಇದ್ದವು.